ಬೆನ್ನಿನ ನೀರಿನಲ್ಲಿ ಮರೆವಿನ ಕುರುಹು

ಶಿವಮೊಗ್ಗದ ರಾಗಿಗುಡ್ಡದಲ್ಲಾಗಲಿ, ಭದ್ರೆಯ ದಡದ ಭದ್ರಾವತಿಯಲ್ಲಾಗಲಿ, ಜಗುಲಿಯ ಮೇಲೆ ಕುಳಿತ ಹಿರಿಯರೊಬ್ಬರು ತಿಂಡಿ ತಿಂದು ಕೈ ತೊಳೆದ ಹತ್ತು ನಿಮಿಷಕ್ಕೆ 'ಇವತ್ತು ತಿಂಡಿಯನ್ನೇ ಕೊಡಲಿಲ್ಲವಲ್ಲ' ಎಂದರೆ ಮನೆಯವರು ಗಾಬರಿಯಾಗುವುದಿಲ್ಲ. 'ಅಜ್ಜನಿಗೆ ಅರಳು ಮರಳು' ಎಂದು ನಕ್ಕು, ಇನ್ನೊಂದು ಲೋಟ ಕಾಫಿ ಕೊಟ್ಟು ಸುಮ್ಮನಾಗುತ್ತಾರೆ. ಮುಂದೊಂದು ದಿನ ಅದೇ ಅಜ್ಜ ಪೇಟೆಗೆ ಹೋದವರು ನಲವತ್ತು ವರ್ಷ ನಡೆದ ದಾರಿಯನ್ನೇ ಮರೆತು ನಿಂತಾಗ ಮಾತ್ರ ಆ ನಗು ನಿಲ್ಲುತ್ತದೆ.

'ಅರವತ್ತಕ್ಕೆ ಅರಳು ಮರಳು' ಎಂಬುದು ಕನ್ನಡಿಗರ ನಾಲಿಗೆಯ ಮೇಲೆ ಸದಾ ಇರುವ ಗಾದೆ. ಮರಳಿ ಅರಳುವುದು ಎಂಬ ಇನ್ನೊಂದು ಅರ್ಥಕ್ಕೂ ಆ ಮಾತಿನಲ್ಲಿ ಜಾಗವಿದೆ. ವರಕವಿ ದ.ರಾ. ಬೇಂದ್ರೆಯವರಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟ ಕವನ ಸಂಕಲನದ ಹೆಸರೂ 'ಅರಳು ಮರಳು'. ಗಾದೆಯಲ್ಲಿ ಹಿರಿಯರ ಬಗ್ಗೆ ಸಹನೆಯಿದೆ, ಅಕ್ಕರೆಯಿದೆ. ಆದರೆ ಅದರೊಳಗೆ ಒಂದು ತೀರ್ಪೂ ಅಡಗಿದೆ: ಇದು ವಯಸ್ಸಿನ ಗುಣ, ಇದಕ್ಕೆ ಮದ್ದಿಲ್ಲ, ಆಸ್ಪತ್ರೆಗೆ ಹೋಗುವ ಅಗತ್ಯವಿಲ್ಲ.

ಈ ತೀರ್ಪು ಎಷ್ಟು ಸರಿ? ವೃದ್ಧಾಪ್ಯದ ಮರೆವು ಯಾವುದು, ಕಾಯಿಲೆಯ ಮರೆವು ಯಾವುದು? ಇದನ್ನು ಮನುಷ್ಯ ಬದುಕಿರುವಾಗಲೇ ಹೇಳುವುದು ವೈದ್ಯರಿಗೂ ಬಹುಕಾಲ ಸಾಧ್ಯವಿರಲಿಲ್ಲ. ಅದನ್ನು ಸಾಧ್ಯವಾಗಿಸಿದ್ದು ನಮ್ಮ ಜನ ಬಹುವಾಗಿ ಹೆದರುವ ಒಂದು ವಸ್ತು. ಆಸ್ಪತ್ರೆಯ ಭಾಷೆಯಲ್ಲಿ ಅದು ಮಿದುಳು-ಬೆನ್ನುಹುರಿ ದ್ರವ. ಜನರ ಭಾಷೆಯಲ್ಲಿ ಬೆನ್ನಿನ ನೀರು.

ಫ್ರಾಂಕ್‌ಫರ್ಟ್‌ನ ರೋಗಿ

ಈ ಕಥೆಯ ಆರಂಭ ಜರ್ಮನಿಯಲ್ಲಿ. 1901ರ ನವೆಂಬರ್ 25ರಂದು ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಗಸ್ಟೆ ಡೀಟರ್ ಎಂಬ 51 ವರ್ಷದ ಮಹಿಳೆ ದಾಖಲಾದರು. ಅವರನ್ನು ಪರೀಕ್ಷಿಸಿದವರು ಡಾ. ಅಲೋಯಿಸ್ ಅಲ್ಝೈಮರ್. ಗಂಡನ ಹೆಸರೇನೆಂದು ಕೇಳಿದರೆ ಆಕೆ ತನ್ನ ಹೆಸರನ್ನೇ ಹೇಳುತ್ತಿದ್ದರು. ತಟ್ಟೆಯಲ್ಲಿ ಹೂಕೋಸು ಇದ್ದರೆ ಪಾಲಕ್ ತಿನ್ನುತ್ತಿದ್ದೇನೆ ಎನ್ನುತ್ತಿದ್ದರು. ತನ್ನ ಹೆಸರನ್ನು ಬರೆಯಲು ಹೊರಟು ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದರು. ವಯಸ್ಸು ಇನ್ನೂ ಐವತ್ತೊಂದು. ಅರಳು ಮರಳಿನ ವಯಸ್ಸೇನೂ ಅಲ್ಲ.

1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಾಗ ಅಲ್ಝೈಮರ್ ಮ್ಯೂನಿಕ್‌ನಲ್ಲಿದ್ದರು. ಮಿದುಳನ್ನು ಅಲ್ಲಿಗೆ ತರಿಸಿಕೊಂಡು ಸೂಕ್ಷ್ಮದರ್ಶಕದ ಕೆಳಗಿಟ್ಟರು. ನರಕೋಶಗಳ ನಡುವೆ ಗಟ್ಟಿಯಾದ ಗಸಿಯಂಥ ಚುಕ್ಕೆಗಳು, ಕೋಶಗಳ ಒಳಗೆ ಸಿಕ್ಕುಗಟ್ಟಿದ ನೂಲಿನಂಥ ಎಳೆಗಳು ಕಂಡವು. ಅದೇ ವರ್ಷದ ನವೆಂಬರ್ 3ರಂದು ಟ್ಯೂಬಿಂಗನ್‌ನಲ್ಲಿ ನಡೆದ ವೈದ್ಯರ ಸಭೆಯಲ್ಲಿ ಅವರು ಇದನ್ನು ವಿವರಿಸಿದರು. 1910ರಲ್ಲಿ ಅವರ ಹಿರಿಯ ಸಹೋದ್ಯೋಗಿ ಎಮಿಲ್ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಈ ರೋಗಕ್ಕೆ ಅಲ್ಝೈಮರ್ ಅವರ ಹೆಸರಿಟ್ಟರು. ಆಗಸ್ಟೆ ಡೀಟರ್ ಅವರ ಮೂಲ ಕಡತ ಬಹುಕಾಲ ಎಲ್ಲೋ ಸೇರಿಹೋಗಿತ್ತು. ಅದು ಮತ್ತೆ ಸಿಕ್ಕಿದ್ದು 1995ರಲ್ಲಿ.

ಇಲ್ಲೊಂದು ತೊಡಕನ್ನು ಗಮನಿಸಬೇಕು. ರೋಗದ ಹೆಸರು ಬಂತು, ಗುರುತೂ ಸಿಕ್ಕಿತು. ಆದರೆ ಆ ಗುರುತನ್ನು ನೋಡಬೇಕಾದರೆ ರೋಗಿ ಸಾಯಬೇಕು! ಬದುಕಿರುವವರ ವಿಷಯದಲ್ಲಿ ವೈದ್ಯರು ಹೇಳಬಹುದಾಗಿದ್ದದ್ದು 'ಇದ್ದರೂ ಇರಬಹುದು' ಎಂದಷ್ಟೇ. ಅಲ್ಲದೆ, ಈ ಹೆಸರನ್ನು ಬಹುಕಾಲ ನಡುವಯಸ್ಸಿನವರಿಗೆ ಮಾತ್ರ ಬಳಸಲಾಗುತ್ತಿತ್ತು. ಎಪ್ಪತ್ತು ದಾಟಿದವರ ಮರೆವು ಅಲ್ಲಿಯೂ ಬರೀ ಮುಪ್ಪು ಎನಿಸಿಕೊಂಡಿತ್ತು. ನಮ್ಮ ಗಾದೆಗೂ ಜರ್ಮನಿಯ ಪಠ್ಯಪುಸ್ತಕಕ್ಕೂ ಅಂಥ ವ್ಯತ್ಯಾಸವೇನೂ ಇರಲಿಲ್ಲ. 1960ರ ದಶಕದ ಕೊನೆಗೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಬ್ಲೆಸ್ಡ್, ಟಾಮ್ಲಿನ್‌ಸನ್ ಮತ್ತು ರಾತ್ ಎಂಬ ವೈದ್ಯರು ಮರೆವಿನಿಂದ ನರಳಿ ಸತ್ತ ವೃದ್ಧರ ಮಿದುಳುಗಳಲ್ಲೂ ಅದೇ ಚುಕ್ಕೆಗಳಿರುವುದನ್ನು ತೋರಿಸಿದರು. 1976ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಜ್‌ಮನ್, ಎರಡೂ ಒಂದೇ ಕಾಯಿಲೆ, ಇದನ್ನು ಮುಪ್ಪೆಂದು ತಳ್ಳಿಹಾಕಬಾರದು ಎಂದು ವಾದಿಸಿದರು. ಅಜ್ಜನ ಮರೆವು ಕಾಯಿಲೆಗಳ ಪಟ್ಟಿಗೆ ಸೇರಿದ್ದು ಹೀಗೆ, ತೀರಾ ಈಚೆಗೆ.

ಸೂಜಿಯ ಚರಿತ್ರೆ

ಮಿದುಳು ಮತ್ತು ಬೆನ್ನುಹುರಿಯ ಸುತ್ತ ತಿಳಿನೀರಿನಂಥ ದ್ರವವೊಂದು ಸದಾ ಹರಿದಾಡುತ್ತಿರುತ್ತದೆ. ಯಾವುದೇ ಒಂದು ಹೊತ್ತಿನಲ್ಲಿ ವಯಸ್ಕರಲ್ಲಿ ಇರುವುದು ಸುಮಾರು 150 ಮಿಲಿಲೀಟರ್, ಅಂದರೆ ಒಂದು ಸಣ್ಣ ಲೋಟದಷ್ಟು. ದಿನಕ್ಕೆ ತಯಾರಾಗುವುದು ಸುಮಾರು ಅರ್ಧ ಲೀಟರ್. ಹಳೆಯದು ರಕ್ತಕ್ಕೆ ಸೇರಿಹೋಗುತ್ತದೆ, ಹೊಸದು ಊರುತ್ತದೆ. ಮಿದುಳಿಗೆ ಇದು ಆಘಾತ ತಡೆಯುವ ಮೆತ್ತೆಯೂ ಹೌದು, ಕಶ್ಮಲ ತೊಳೆದೊಯ್ಯುವ ಕಾಲುವೆಯೂ ಹೌದು.

ಈ ನೀರನ್ನು ಸೊಂಟದ ಮೂಳೆಗಳ ಸಂದಿನಿಂದ ಸೂಜಿ ಹಾಕಿ ತೆಗೆಯುವ ವಿಧಾನವನ್ನು 1891ರಲ್ಲಿ ಬಳಕೆಗೆ ತಂದವರು ಜರ್ಮನಿಯ ಕೀಲ್ ನಗರದ ವೈದ್ಯ ಹೈನ್ರಿಚ್ ಕ್ವಿಂಕೆ. ಏಳು ವರ್ಷಗಳ ನಂತರ, 1898ರಲ್ಲಿ, ಅದೇ ಊರಿನ ಶಸ್ತ್ರವೈದ್ಯ ಆಗಸ್ಟ್ ಬಿಯರ್ ಅದೇ ಜಾಗಕ್ಕೆ ಮದ್ದು ಚುಚ್ಚಿ ಸೊಂಟದ ಕೆಳಗಿನ ದೇಹವನ್ನು ಜೋಮುಗಟ್ಟಿಸಬಹುದೆಂದು ತೋರಿಸಿದರು. ಪ್ರಯೋಗವನ್ನು ತಮ್ಮ ಮೇಲೂ ಸಹಾಯಕನ ಮೇಲೂ ಮಾಡಿಸಿಕೊಂಡು, ಇಬ್ಬರೂ ಕೆಲವು ದಿನ ತಲೆನೋವಿನಿಂದ ನರಳಿದರು. ಇಂದು ಸಿಸೇರಿಯನ್ ಹೆರಿಗೆಯಾದ ತಾಯಂದಿರು 'ಬೆನ್ನಿಗೆ ಇಂಜೆಕ್ಷನ್ ಕೊಟ್ಟರು' ಎನ್ನುವುದು ಇದನ್ನೇ.

ಬೆನ್ನಿಗೆ ಸೂಜಿ ಎಂದೊಡನೆ ನಮ್ಮಲ್ಲಿ ಹುಟ್ಟುವ ಭಯಕ್ಕೆ ಲೆಕ್ಕವಿಲ್ಲ. ಕಾಲು ಬಿದ್ದುಹೋಗುತ್ತದೆ, ಜೀವಮಾನವಿಡೀ ಸೊಂಟನೋವು ಬಿಡುವುದಿಲ್ಲ, ನೀರು ತೆಗೆದರೆ ಶಕ್ತಿಯೆಲ್ಲ ಇಳಿದುಹೋಗುತ್ತದೆ ಎಂಬ ಮಾತುಗಳು ಹಳ್ಳಿಯಲ್ಲೂ ಇವೆ, ಪಟ್ಟಣದಲ್ಲೂ ಇವೆ. ದೇಹರಚನೆ ಹೇಳುವುದೇ ಬೇರೆ. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಮಟ್ಟದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಮೂರನೆಯ ಮತ್ತು ನಾಲ್ಕನೆಯ ಅಥವಾ ನಾಲ್ಕನೆಯ ಮತ್ತು ಐದನೆಯ ಮೂಳೆಗಳ ನಡುವೆ. ಅಲ್ಲಿ ಇರುವುದು ನೀರಿನಲ್ಲಿ ತೇಲುವ ನರದ ಎಳೆಗಳು ಮಾತ್ರ. ಕೆಲವರಿಗೆ ಬಿಯರ್ ಅನುಭವಿಸಿದಂಥ ತಲೆನೋವು ಬರುವುದುಂಟು. ಮಿದುಳಿನಲ್ಲಿ ಒತ್ತಡ ಹೆಚ್ಚಿರುವವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಅಪಾಯವೂ ಇದೆ. ಅದಕ್ಕಾಗಿಯೇ ವೈದ್ಯರು ಮುಂಚೆ ವಿಚಾರಿಸಿ, ಸ್ಕ್ಯಾನ್ ಮಾಡಿಸಿ ಮುಂದುವರಿಯುತ್ತಾರೆ. ಮಿದುಳು ಪೊರೆಯ ಸೋಂಕನ್ನು ಪತ್ತೆ ಹಚ್ಚಲು ಆಸ್ಪತ್ರೆಗಳು ಈ ವಿಧಾನವನ್ನು ನೂರಕ್ಕೂ ಹೆಚ್ಚು ವರ್ಷಗಳಿಂದ ಬಳಸುತ್ತ ಬಂದಿವೆ.

ಬುದ್ಧಿಭ್ರಮಣೆಯ ಗುಟ್ಟನ್ನು ಬೆನ್ನಿನ ನೀರು ಮೊದಲ ಬಾರಿಗೆ ಹೇಳಿದ್ದು ಅಲ್ಝೈಮರ್ಸ್ ವಿಷಯದಲ್ಲಿ ಅಲ್ಲ ಎಂಬುದು ವಿಶೇಷ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನ ಹುಚ್ಚಾಸ್ಪತ್ರೆಗಳ ತುಂಬ ಇದ್ದ ರೋಗಿಗಳಲ್ಲಿ ದೊಡ್ಡ ಪಾಲು ಮಿದುಳಿಗೆ ಏರಿದ ಸಿಫಿಲಿಸ್‌ನವರು. ಅಲ್ಝೈಮರ್ ತಮ್ಮ ಮಿದುಳಿನ ಚುಕ್ಕೆಗಳ ಬಗ್ಗೆ ಮಾತನಾಡಿದ 1906ರಲ್ಲೇ ಆಗಸ್ಟ್ ವಾಸರ್‌ಮನ್ ಸಿಫಿಲಿಸ್ ಪತ್ತೆಯ ರಕ್ತಪರೀಕ್ಷೆಯನ್ನು ಪ್ರಕಟಿಸಿದರು. ಅದೇ ವರ್ಷ ಫೆಲಿಕ್ಸ್ ಪ್ಲೌಟ್ ಜೊತೆಗೂಡಿ ಅದನ್ನು ಬೆನ್ನಿನ ನೀರಿಗೂ ಅನ್ವಯಿಸಿದರು. ಈ ಪ್ಲೌಟ್ ಕೂಡ ಕ್ರೆಪೆಲಿನ್ ಅವರ ಮ್ಯೂನಿಕ್ ಆಸ್ಪತ್ರೆಯವರೇ. ಹುಚ್ಚು ಎಂದು ಕೈಬಿಟ್ಟಿದ್ದ ಒಂದು ಸ್ಥಿತಿಗೆ ಕಾರಣ ತಿಳಿಯಿತು. 1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೆ ಮದ್ದೂ ಸಿಕ್ಕಿತು. ಮರೆವಿನ ವಿಷಯದಲ್ಲಿ ಅದೇ ದಾರಿಯಲ್ಲಿ ಸಾಗಲು ಮತ್ತೆ ಅರ್ಧ ಶತಮಾನ ಹಿಡಿಯಿತು.

ಹೂಳು ಕಟ್ಟಿದರೆ ನೀರು ತಿಳಿ

1984ರಲ್ಲಿ ಅಮೆರಿಕದ ಜಾರ್ಜ್ ಗ್ಲೆನರ್ ಮತ್ತು ಕೇನ್ ವಾಂಗ್, ಈ ಕಾಯಿಲೆಯಲ್ಲಿ ಕಟ್ಟಿಕೊಳ್ಳುವ ಗಸಿಯ ಮೂಲವಸ್ತುವನ್ನು ಬೇರ್ಪಡಿಸಿದರು. ಅದೊಂದು ಪ್ರೋಟೀನ್ ತುಣುಕು. ಹೆಸರು ಅಮೈಲಾಯ್ಡ್ ಬೀಟಾ. ಇದಾದ ಎರಡು ವರ್ಷಕ್ಕೆ, ಕೋಶದೊಳಗಿನ ಸಿಕ್ಕುಗಳಲ್ಲಿರುವುದು 'ಟೌ' ಎಂಬ ಇನ್ನೊಂದು ಪ್ರೋಟೀನ್ ಎಂದು ಖಚಿತವಾಯಿತು. ಈ ಎರಡೂ ವಸ್ತುಗಳು ಬೆನ್ನಿನ ನೀರಿಗೂ ಇಳಿದು ಬರುತ್ತವೆ ಎಂಬುದು 1992-93ರಲ್ಲಿ ತಿಳಿಯಿತು. 1995ರ ಹೊತ್ತಿಗೆ ರೋಗಿಗಳ ನೀರಿನಲ್ಲಿ ಟೌ ಹೆಚ್ಚಿರುತ್ತದೆ, 42 ಕೊಂಡಿಗಳ ಉದ್ದದ ಅಮೈಲಾಯ್ಡ್ ಕಡಿಮೆಯಿರುತ್ತದೆ ಎಂಬ ವರದಿಗಳು ಬಂದವು.

ಮಿದುಳಿನಲ್ಲಿ ಅಮೈಲಾಯ್ಡ್ ಹೆಚ್ಚಾದರೆ ನೀರಿನಲ್ಲಿ ಕಡಿಮೆಯಾಗುವುದು ಹೇಗೆ? ಶಿವಮೊಗ್ಗದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಗಾಜನೂರಿನ ಅಣೆಕಟ್ಟೆಯ ಹಿಂದೆ ಹೂಳು ನಿಂತಷ್ಟೂ ಕೆಳಗೆ ಹರಿಯುವ ತುಂಗೆಯ ನೀರಿನಲ್ಲಿ ಮಣ್ಣು ಕಡಿಮೆ. ಅಮೈಲಾಯ್ಡ್ ಮಿದುಳಿನಲ್ಲೇ ಗಸಿಗಟ್ಟಿ ಕುಳಿತರೆ ಬೆನ್ನಿನ ನೀರಿಗೆ ಇಳಿಯುವ ಪಾಲು ಸುಮಾರು ಅರ್ಧಕ್ಕೆ ಬೀಳುತ್ತದೆ. ಟೌ ಮಾತ್ರ ಬೇರೆ ಥರ. ನೆರೆಯಲ್ಲಿ ಗದ್ದೆಯ ಬದು ಒಡೆದಾಗ ನೀರು ಕೆಂಪಾಗುವಂತೆ, ನರಕೋಶಗಳು ಹಾಳಾಗತೊಡಗಿದಾಗ ಟೌ ನೀರಿನಲ್ಲಿ ಎರಡು ಮೂರು ಪಟ್ಟು ಏರುತ್ತದೆ. ಒಂದು ಇಳಿದು, ಇನ್ನೊಂದು ಏರಿದ್ದರೆ ಅಲ್ಝೈಮರ್ಸ್‌ನ ಗುರುತು ಗಟ್ಟಿಯಾಯಿತು. ಬರೀ ಒಂದನ್ನು ನೋಡಿ ತೀರ್ಮಾನಿಸುವುದಿಲ್ಲ. 42 ಕೊಂಡಿಯ ಅಮೈಲಾಯ್ಡನ್ನು 40 ಕೊಂಡಿಯದರ ಜೊತೆ ಹೋಲಿಸಿ ಅನುಪಾತ ನೋಡುವ ಪದ್ಧತಿ ಹೆಚ್ಚು ನಂಬಿಕೆಗೆ ಅರ್ಹವೆನಿಸಿದೆ.

ಲೆಕ್ಕ ತಪ್ಪಲು ಸಣ್ಣ ಕಾರಣವೂ ಸಾಕು. ಅಮೈಲಾಯ್ಡ್ ಗಾಜಿಗೂ ಕೆಲವು ಬಗೆಯ ಪ್ಲಾಸ್ಟಿಕ್ಕಿಗೂ ಅಂಟಿಕೊಳ್ಳುವ ಸ್ವಭಾವದ್ದು. ತಪ್ಪು ಟ್ಯೂಬಿನಲ್ಲಿ ನೀರು ಹಿಡಿದರೆ ಅರ್ಧ ಅಮೈಲಾಯ್ಡ್ ಟ್ಯೂಬಿನ ಗೋಡೆಯಲ್ಲೇ ಉಳಿದು, ಆರೋಗ್ಯವಂತರೂ ರೋಗಿಗಳಂತೆ ಕಂಡಾರು. ಆದ್ದರಿಂದ ಪಾಲಿಪ್ರೊಪಿಲೀನ್ ಟ್ಯೂಬುಗಳನ್ನೇ ಬಳಸಬೇಕೆಂಬ ನಿಯಮ ಬಂತು. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಅಂಕಿ ಬದಲಾಗುತ್ತಿದ್ದ ಈ ಪರೀಕ್ಷೆ ಆಸ್ಪತ್ರೆಯ ಮಟ್ಟಕ್ಕೆ ಬರಲು ಕಾಲು ಶತಮಾನ ಹಿಡಿಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಬೆನ್ನಿನ ನೀರಿನ ಇಂಥ ಪರೀಕ್ಷೆಯೊಂದಕ್ಕೆ ಮೊದಲ ಬಾರಿಗೆ ಒಪ್ಪಿಗೆ ನೀಡಿದ್ದು 2022ರ ಮೇ ತಿಂಗಳಲ್ಲಿ.

ಇದಕ್ಕೂ ಮುಂಚೆ, 2012ರಲ್ಲಿ, ಒಂದು ಬೆರಗಿನ ಸಂಗತಿ ಹೊರಬಿದ್ದಿತ್ತು. ವಂಶಪಾರಂಪರ್ಯವಾಗಿ ಈ ಕಾಯಿಲೆ ಬರುವ ಕುಟುಂಬಗಳನ್ನು ಅಧ್ಯಯನ ಮಾಡಿದ ಅಂತರರಾಷ್ಟ್ರೀಯ ತಂಡವೊಂದು, ಮರೆವು ಕಾಣಿಸಿಕೊಳ್ಳುವ ನಿರೀಕ್ಷಿತ ಕಾಲಕ್ಕಿಂತ ಸುಮಾರು 25 ವರ್ಷ ಮೊದಲೇ ಬೆನ್ನಿನ ನೀರಿನಲ್ಲಿ ಅಮೈಲಾಯ್ಡ್ ಇಳಿಯತೊಡಗುವಂತೆ ಕಾಣುತ್ತದೆ ಎಂದು ವರದಿ ಮಾಡಿತು. ಅರವತ್ತರ ಅರಳು ಮರಳಿನ ಬೀಜ ಮೂವತ್ತೈದು ನಲವತ್ತರಲ್ಲೇ ಬಿದ್ದಿರಬಹುದು ಎಂದಂತಾಯಿತು.

ಬೆಂಗಳೂರಿನ ಹಾದಿ

ಕರ್ನಾಟಕದಲ್ಲಿ ಈ ಚರಿತ್ರೆಯ ಕೇಂದ್ರ ಬೆಂಗಳೂರು. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರ ಡಿಸೆಂಬರ್‌ನಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. 1995ರಲ್ಲಿ ಅಲ್ಲಿ ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ ಮಾನವ ಮಿದುಳು ಭಂಡಾರ ಆರಂಭವಾಯಿತು. ದಾನವಾಗಿ ಬಂದ ಮಿದುಳುಗಳನ್ನು ಕಾಪಿಟ್ಟು ಸಂಶೋಧನೆಗೆ ಒದಗಿಸುವ ಕೆಲಸ ಅದರದು. ಫ್ರಾಂಕ್‌ಫರ್ಟ್‌ನ ಕಳೆದುಹೋದ ಕಡತ ಸಿಕ್ಕ, ಬೆನ್ನಿನ ನೀರಿನಲ್ಲಿ ಅಮೈಲಾಯ್ಡ್ ಇಳಿಯುತ್ತದೆಂದು ವರದಿಯಾದ ವರ್ಷವೂ ಅದೇ.

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ದೀರ್ಘಕಾಲದ ಅಧ್ಯಯನವೊಂದನ್ನು ಕೈಗೊಂಡಿದೆ. 45 ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷಗಟ್ಟಲೆ ಗಮನಿಸಿ, ಯಾರ ನೆನಪು ಉಳಿಯುತ್ತದೆ, ಯಾರದು ಅಳಿಯುತ್ತದೆ, ಏಕೆ ಎಂದು ಅರಿಯುವುದು ಗುರಿ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಶುರುಮಾಡಿದ ಕರ್ನಾಟಕ ಮಿದುಳು ಆರೋಗ್ಯ ಯೋಜನೆ, ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯುಗಳ ಜೊತೆಗೆ ಮರೆಗುಳಿ ಕಾಯಿಲೆಯನ್ನೂ ಊರಿನ ವೈದ್ಯರೇ ಗುರುತಿಸುವಂತೆ ತರಬೇತಿ ಕೊಡುವ ಉದ್ದೇಶದ್ದು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 60 ದಾಟಿದವರ ಪೈಕಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಮರೆಗುಳಿ ಕಾಯಿಲೆಯಿದೆ.

ನಮ್ಮಲ್ಲಿ ಪತ್ತೆಯ ಕೆಲಸ ಯುರೋಪಿಗಿಂತ ಕಠಿಣ. ಗಡಿಯಾರದ ಚಿತ್ರ ಬರೆಯಿರಿ, ಈ ವಾಕ್ಯ ಓದಿರಿ, ನೂರರಿಂದ ಏಳೇಳು ಕಳೆಯಿರಿ ಎಂಬ ಪರೀಕ್ಷೆಗಳು ಶಾಲೆ ಕಂಡವರಿಗೆ ಸರಿ. ಸಹಿಯ ಬದಲು ಹೆಬ್ಬೆಟ್ಟು ಒತ್ತುವ ಅಜ್ಜಿ ಗಡಿಯಾರ ಬರೆಯಲಾರದಿದ್ದರೆ ಅದು ಮರೆವೋ, ಅಕ್ಷರ ಕಲಿಯದಿದ್ದ ಫಲವೋ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ಪರೀಕ್ಷೆಗಳನ್ನು ರೂಪಿಸಿದ್ದು ಈ ತೊಂದರೆಯನ್ನು ಕಂಡೇ. ಬೆನ್ನಿನ ನೀರಿಗಂತೂ ಅಕ್ಷರದ ಹಂಗಿಲ್ಲ. ಆದರೆ ಎಷ್ಟಿದ್ದರೆ ಸರಿ, ಎಷ್ಟಾದರೆ ರೋಗ ಎಂಬ ಗೆರೆಗಳನ್ನು ಹೆಚ್ಚಾಗಿ ಎಳೆದಿರುವುದು ಯುರೋಪ್ ಮತ್ತು ಅಮೆರಿಕದ ರೋಗಿಗಳನ್ನು ನೋಡಿ. ಆ ಗೆರೆ ಮಲೆನಾಡಿನವರಿಗೂ ಹೊಂದುತ್ತದೆಯೇ ಎಂಬುದನ್ನು ನಮ್ಮವರ ನಡುವೆಯೇ ಅಳೆದು ನೋಡಬೇಕು.

ತಿಳಿದು ಆಗುವುದೇನು?

2016ರಲ್ಲಿ ಹೇಮಂತ್ ಎಂ. ರಾವ್ ನಿರ್ದೇಶಿಸಿದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರವನ್ನು ಓದುಗರು ನೋಡಿರಬಹುದು. ಅಲ್ಝೈಮರ್ಸ್ ಇರುವ ತಂದೆ ಕಳೆದುಹೋಗಿ, ಮಗ ಊರೆಲ್ಲ ಹುಡುಕುವ ಕಥೆ ಅದು. ತಂದೆಯಾಗಿ ಅನಂತನಾಗ್ ನಟಿಸಿದ ಆ ಚಿತ್ರ ಕಾಯಿಲೆಯ ಹೆಸರನ್ನು ಮನೆಮನೆಗೆ ತಲುಪಿಸಿತು. ಹೆಸರು ತಿಳಿಯಿತು ಸರಿ. ಮದ್ದಿಲ್ಲದ ಮೇಲೆ ಬೆನ್ನಿಗೆ ಸೂಜಿ ಹಾಕಿಸಿ ತಿಳಿಯುವುದಾದರೂ ಏನನ್ನು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ.

ಮೊದಲ ಉತ್ತರ: ಮರೆವೆಲ್ಲ ಅಲ್ಝೈಮರ್ಸ್ ಅಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಬಿದ್ದು ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ, ಇವೆಲ್ಲವೂ ಮರೆವು ತರಬಲ್ಲವು. ಇವುಗಳಿಗೆ ಚಿಕಿತ್ಸೆಯಿದೆ. 1965ರಲ್ಲಿ ಕೊಲಂಬಿಯಾ ದೇಶದ ಸಾಲೊಮನ್ ಹಕೀಂ ವಿವರಿಸಿದ ಇನ್ನೊಂದು ಸ್ಥಿತಿಯಲ್ಲಿ ಮಿದುಳಿನೊಳಗೆ ನೀರು ತುಂಬಿ ನಡಿಗೆ ತಡವರಿಸುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ, ಮರೆವೂ ಬರುತ್ತದೆ. ಬೆನ್ನಿನಿಂದ ಸ್ವಲ್ಪ ನೀರು ತೆಗೆದರೆ ಕೆಲವರ ನಡಿಗೆ ಸುಧಾರಿಸುತ್ತದೆ. ಅಂಥವರಿಗೆ ಶಸ್ತ್ರಚಿಕಿತ್ಸೆಯಿಂದ ಅನುಕೂಲವಾದೀತು. 'ಅರಳು ಮರಳು' ಎಂದು ಮೂಲೆಗೆ ಕೂರಿಸಿದವರಲ್ಲಿ ಇಂಥವರು ಎಷ್ಟು ಮಂದಿಯೋ! ಸಾಮಾನ್ಯ ರಕ್ತಪರೀಕ್ಷೆ ಮತ್ತು ಸ್ಕ್ಯಾನ್‌ನಿಂದಲೇ ಇವುಗಳಲ್ಲಿ ಹೆಚ್ಚಿನವನ್ನು ಜಿಲ್ಲಾ ಮಟ್ಟದಲ್ಲೇ ಪತ್ತೆ ಹಚ್ಚಬಹುದು.

ಎರಡನೆಯದು ಔಷಧದ ಮಾತು. ಅಮೈಲಾಯ್ಡ್ ಗಸಿಯನ್ನು ಕರಗಿಸುವ ಲೆಕನೆಮ್ಯಾಬ್‌ಗೆ ಅಮೆರಿಕದಲ್ಲಿ 2023ರಲ್ಲೂ ಡೊನನೆಮ್ಯಾಬ್‌ಗೆ 2024ರಲ್ಲೂ ಒಪ್ಪಿಗೆ ದೊರೆಯಿತು. ಇವು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಆರಂಭದ ಹಂತದಲ್ಲಿರುವವರ ಇಳಿಜಾರನ್ನು ತುಸು ನಿಧಾನಗೊಳಿಸುತ್ತವೆ. ಮಿದುಳಿನಲ್ಲಿ ಊತ, ರಕ್ತಸ್ರಾವದ ಅಪಾಯವೂ ಇದೆ. ಅಮೈಲಾಯ್ಡ್ ಇದೆಯೆಂದು ಬೆನ್ನಿನ ನೀರಿನಿಂದಲೋ ವಿಶೇಷ ಸ್ಕ್ಯಾನ್‌ನಿಂದಲೋ ಖಚಿತಪಡಿಸಿಕೊಳ್ಳದೆ ಇವುಗಳನ್ನು ಕೊಡುವಂತಿಲ್ಲ.

ಮೂರನೆಯದು ಮನೆಯ ಮಾತು. ಉಕ್ಕಿನ ಕಾರ್ಖಾನೆಯಲ್ಲೂ ಕಾಗದದ ಕಾರ್ಖಾನೆಯಲ್ಲೂ ದುಡಿದು ನಿವೃತ್ತರಾದವರ ಊರು ಭದ್ರಾವತಿ. ಪಿಂಚಣಿಯ ಜೀವಂತ ಪ್ರಮಾಣಪತ್ರ, ಬ್ಯಾಂಕಿನ ಸಹಿ, ಮನೆಯ ಪಾಲು, ಉಯಿಲು, ಇವೆಲ್ಲಕ್ಕೂ ಹಿರಿಯರ ನೆನಪೇ ಆಧಾರ. ಕಾಯಿಲೆ ಆರಂಭದಲ್ಲೇ ತಿಳಿದರೆ ತಮ್ಮ ಹಣ, ತಮ್ಮ ಆರೈಕೆ, ಯಾರ ಮನೆಯಲ್ಲಿ ಇರಬೇಕು ಎಂಬುದನ್ನು ಅವರೇ ಬಾಯಿಬಿಟ್ಟು ಹೇಳಬಹುದು. ತಡವಾದರೆ ಮಕ್ಕಳೇ ಊಹಿಸಬೇಕು. ಊಹೆಯಿಂದ ಜಗಳವೂ ಹುಟ್ಟಬಹುದು. ಅದಕ್ಕಿಂತ ಹೆಚ್ಚಾಗಿ, 'ಬೇಕೆಂದೇ ಹೀಗೆ ಮಾಡುತ್ತಾರೆ' ಎಂದು ಸಿಡುಕುವ ಸೊಸೆಗೂ ಮಗನಿಗೂ ಇದು ಹಟವಲ್ಲ, ರೋಗ ಎಂದು ತಿಳಿದರೆ ಮನೆಯ ಧಾಟಿಯೇ ಬದಲಾಗುತ್ತದೆ.

ಹಾಗೆಂದು ಮರೆವು ಬಂದವರೆಲ್ಲ ಸೂಜಿ ಹಾಕಿಸಿಕೊಳ್ಳಬೇಕಿಲ್ಲ. ಮರೆವೇ ಇಲ್ಲದ ಹಿರಿಯರಲ್ಲೂ ಹಲವರ ಮಿದುಳಿನಲ್ಲಿ ಅಮೈಲಾಯ್ಡ್ ಇರುತ್ತದೆ. ಅವರಲ್ಲಿ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಅಂಥವರಿಗೆ ಪರೀಕ್ಷೆ ಮಾಡಿ ಹೆದರಿಸುವುದು ಸಲ್ಲ. ಕಾಯಿಲೆ ಬೇಗ ಬಂದಾಗ, ಲಕ್ಷಣಗಳು ಗೊಂದಲ ಹುಟ್ಟಿಸಿದಾಗ, ಔಷಧದ ತೀರ್ಮಾನ ಆಗಬೇಕಾದಾಗ ತಜ್ಞರು ಬೆನ್ನಿನ ನೀರಿನ ಮೊರೆ ಹೋಗುತ್ತಾರೆ. ಈ ಅಳತೆ ಮಾಡುವ ಪ್ರಯೋಗಾಲಯಗಳು ದೊಡ್ಡ ನಗರಗಳಲ್ಲಿವೆ. ಶಿವಮೊಗ್ಗದವರು ಅದಕ್ಕಾಗಿ ಸುಮಾರು 300 ಕಿಲೋಮೀಟರ್ ದೂರದ ಬೆಂಗಳೂರಿನತ್ತ ನೋಡಬೇಕಾಗುತ್ತದೆ.

ಸೂಜಿಯ ಕಾಲವೂ ಬದಲಾಗುತ್ತಿದೆ. ಟೌ ಪ್ರೋಟೀನಿನ ಒಂದು ರೂಪವನ್ನು ರಕ್ತದಲ್ಲೇ ಅಳೆಯುವ ಪರೀಕ್ಷೆಗೆ 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ. ಮೂವತ್ತು ವರ್ಷ ಬೆನ್ನಿನ ನೀರಿನಲ್ಲಿ ಕಲಿತ ಪಾಠವೇ ಈಗ ರಕ್ತಕ್ಕೆ ಇಳಿದಿದೆ. ಮುಂದೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋಳಿನಿಂದ ತೆಗೆದ ರಕ್ತದಲ್ಲಿ ಮರೆವಿನ ಕುರುಹು ನೋಡುವ ದಿನ ಬಂದರೆ, ಅದರ ಬೇರು ಕೀಲ್ ನಗರದ ಆ ಸೂಜಿಯಲ್ಲಿದೆ ಎಂಬುದನ್ನು ಮರೆಯುವಂತಿಲ್ಲ.

ಕಾಯಿಲೆಗೆ ಹೆಸರು ಸಿಗುವುದರ ಬೆಲೆ ಶಿವಮೊಗ್ಗ ಜಿಲ್ಲೆಗೆ ಹೊಸದೇನಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನ ಜ್ವರದಿಂದ ಮಲಗಿದಾಗ ಅದು ಕಾರಣ ತಿಳಿಯದ ಜ್ವರವಾಗಿತ್ತು. ವೈರಾಣುವನ್ನು ಗುರುತಿಸಿದ ಮೇಲೆ ಅದು ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ಎಂದಾಯಿತು. ಕಾಡಿಗೆ ಹೋಗುವವರು ಎಚ್ಚರ ವಹಿಸಲು ಕಲಿತರು. ರಾಗಿಗುಡ್ಡದ ಜಗುಲಿಯ ಮೇಲಿನ ಅಜ್ಜನ ವಿಷಯದಲ್ಲೂ ಮನೆಯವರು ಇಡಬೇಕಾದ ಮೊದಲ ಹೆಜ್ಜೆ ಬೆನ್ನಿನ ನೀರಿನದಲ್ಲ. ಅರಳು ಮರಳು ಎಂದು ನಗುವ ಮುನ್ನ ಒಮ್ಮೆ ವೈದ್ಯರಿಗೆ ತೋರಿಸುವುದೇ ಆ ಮೊದಲ ಹೆಜ್ಜೆ.